ಮಳೆಗಾಲದಲ್ಲಿ ಹಠ ಹಿಡಿಯುವ ಹಳೆ ಕಾರು: ಲಕ್ಷಣ ನೋಡಿ ದೋಷ ಹಿಡಿಯುವುದು

ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಕಾಲದ ಮಾರುತಿ 800, ಓಮ್ನಿ, ಪ್ರೀಮಿಯರ್ ಪದ್ಮಿನಿ, ಅಂಬಾಸಿಡರ್. ಇವುಗಳಲ್ಲಿ ಒಂದು ನಿಮ್ಮ ಅಂಗಳದಲ್ಲಿ ನಿಂತಿದ್ದರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದರ ಕಿರಿಕಿರಿ ಎಂಥದ್ದು ಅಂತ ನಿಮಗೆ ಬೇರೆಯವರು ಹೇಳಬೇಕಾಗಿಲ್ಲ. ವರ್ಷಕ್ಕೆ 3,500 ಮಿ.ಮೀ.ಗಿಂತ ಜಾಸ್ತಿ ಮಳೆ ಸುರಿಯುವ ಊರು ನಮ್ಮದು. ಪಕ್ಕದಲ್ಲೇ ಸಮುದ್ರ, ಗಾಳಿಯಲ್ಲೇ ಉಪ್ಪು. ಘಟ್ಟದ ಮೇಲಿನವರು ಕೊಡುವ ರಿಪೇರಿ ಸಲಹೆ ಮಂಗಳೂರು, ಉಡುಪಿಯಲ್ಲಿ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತದೆ.

ಇಲ್ಲಿ ಹಳೆ ಕಾರು ಕೈಕೊಟ್ಟರೆ ಮೊದಲ ಅನುಮಾನ ಕನೆಕ್ಷನ್ ಮೇಲೆ, ಎರಡನೆಯದು ನೀರಿನ ಮೇಲೆ, ಪಾರ್ಟ್ ಮೇಲಿನ ಅನುಮಾನ ಕೊನೆಗೆ. ಬ್ಯಾಟರಿ ಹೊಸದು ಹಾಕಿ, ಕಿಡಿಗೆ ಕರೆಂಟು ಕೊಡುವ ಕಾಯಿಲ್ ಬದಲಾಯಿಸಿ, ಸೆಲ್ಫ್ ಮೋಟರ್ ಬಿಚ್ಚಿಸಿ, ಎಲ್ಲಾ ಆದಮೇಲೆ ಒಂದು ಅರ್ಥ್ ಬೋಲ್ಟ್ (ಬ್ಯಾಟರಿ ಮೈನಸ್ ವೈರ್ ಬಾಡಿಗೆ ಕೂರುವ ಬೋಲ್ಟ್) ಅಡಿಯಲ್ಲಿ ತುಕ್ಕು ಸಿಕ್ಕಿತು ಎಂಬ ಕತೆ ಪ್ರತಿ ಗ್ಯಾರೇಜಿನಲ್ಲೂ ಉಂಟು.

ಬೇಕಾದ ಸಾಮಾನು ಜಾಸ್ತಿ ಇಲ್ಲ. ಒಂದು ಸಾದಾ ಮಲ್ಟಿಮೀಟರ್, ಟೆಸ್ಟ್ ಲ್ಯಾಂಪ್, ಪ್ಲಗ್ ಸ್ಪ್ಯಾನರ್, 10 ಮತ್ತು 12 ನಂಬರ್ ಸ್ಪ್ಯಾನರ್, ಫೀಲರ್ ಗೇಜ್ (ಸಣ್ಣ ಸಂದು ಅಳೆಯುವ ತೆಳು ಪಟ್ಟಿಗಳು), ಸಣ್ಣ ಎಮರಿ ಪೇಪರ್, ಟಾರ್ಚ್, ಒಣಗಿದ ಹತ್ತಿ ಬಟ್ಟೆ. ಮಳೆಗಾಲದಲ್ಲಿ ಒಣಗಿದ ಬಟ್ಟೆ ಸಿಗುವುದೇ ಕಷ್ಟ, ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಡಿಕ್ಕಿಯಲ್ಲಿಡಿ.

ಕೈ ಹಾಕುವ ಮೊದಲು: ಗೇರ್ ನ್ಯೂಟ್ರಲ್‌ನಲ್ಲಿರಲಿ, ಚಕ್ರಕ್ಕೆ ಮುಂದೆ ಹಿಂದೆ ಕಲ್ಲು ಕೊಡಿ. ಉಂಗುರ, ವಾಚು, ಬಳೆ ತೆಗೆದಿಡಿ. ಬ್ಯಾಟರಿ ಪ್ಲಸ್‌ಗೂ ಬಾಡಿಗೂ ನಡುವೆ ಉಂಗುರ ಸಿಕ್ಕಿಹಾಕಿಕೊಂಡರೆ ಬೆರಳು ಸುಟ್ಟುಹೋಗುತ್ತದೆ. ಪೆಟ್ರೋಲ್ ವಾಸನೆ ಬರುತ್ತಿದ್ದರೆ ಕೀ ಮುಟ್ಟಲೇಬೇಡಿ, ನೇರವಾಗಿ ಕೆಳಗಿನ ಪೆಟ್ರೋಲ್ ಭಾಗಕ್ಕೆ ಹೋಗಿ. ಜಾಕ್ ಒಂದನ್ನೇ ನಂಬಿ ಕಾರಿನ ಅಡಿಗೆ ಯಾವತ್ತೂ ಹೋಗಬೇಡಿ, ಅದರಲ್ಲೂ ಮಳೆಗೆ ಮೆತ್ತಗಾದ ಕೆಂಪು ಮಣ್ಣಿನ ಅಂಗಳದಲ್ಲಿ ಜಾಕ್ ಹಾಗೇ ಕುಸಿದು ವಾಲುತ್ತದೆ.

ಕೀ ತಿರುಗಿಸಿದರೆ "ಟಕ್" ಅನ್ನುತ್ತದೆ, ಸೆಲ್ಫ್ ತಿರುಗುವುದಿಲ್ಲ

ಮೊದಲು ಹೆಡ್‌ಲೈಟ್ ಹಾಕಿ, ಆಮೇಲೆ ಸೆಲ್ಫ್ ಹೊಡೆಯಿರಿ. ಲೈಟನ್ನೇ ನೋಡುತ್ತಿರಿ.

ಲೈಟ್ ಪೂರ್ತಿ ಮಂಕಾಗಿ ಸತ್ತೇ ಹೋದರೆ ಬ್ಯಾಟರಿ ಇಳಿದಿದೆ ಅಥವಾ ಬ್ಯಾಟರಿಯ ಟರ್ಮಿನಲ್‌ನಲ್ಲೇ ತೊಂದರೆ. ಲೈಟ್ ಒಂದಿಷ್ಟೂ ಮಂಕಾಗದೆ ಬರೀ ಟಕ್ ಅಂದರೆ ಕರೆಂಟು ಮೋಟರಿಗೆ ಹೋಗುತ್ತಲೇ ಇಲ್ಲ: ಸೊಲೆನಾಯ್ಡ್ (ಕೀ ತಿರುಗಿಸಿದಾಗ ಸೆಲ್ಫ್ ಮೋಟರಿಗೆ ಕರೆಂಟು ಬಿಡುವ ಸ್ವಿಚ್) ಒಳಗಿನ ಕಾಂಟ್ಯಾಕ್ಟ್, ಇಲ್ಲವೇ ಸೆಲ್ಫ್ ಮೋಟರಿನ ಕಾರ್ಬನ್ ಬ್ರಷ್. ಟಕ್ ಸದ್ದೂ ಇಲ್ಲದಿದ್ದರೆ ಸೊಲೆನಾಯ್ಡಿಗೆ ಬರುವ ಸಣ್ಣ ವೈರ್ ಕಳಚಿದೆಯಾ ನೋಡಿ. ಕೀ ಸ್ವಿಚ್ ಆಮೇಲೆ.

ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು-ನೀಲಿ ಪುಡಿ ಇದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಸುರಿಯಿರಿ, ನೊರೆ ಎದ್ದು ಹೋಗುತ್ತದೆ. ಆ ನೀರು ಬ್ಯಾಟರಿ ಮುಚ್ಚಳದ ತೂತಿನೊಳಗೆ ಹೋಗಬಾರದು. ಬಿಚ್ಚುವಾಗ ಮೈನಸ್ ಮೊದಲು, ಜೋಡಿಸುವಾಗ ಮೈನಸ್ ಕೊನೆಗೆ. ಯಾಕೆಂದರೆ ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ, ಬ್ಯಾಟರಿಯಿಂದ ಬರುವ ಹೈಡ್ರೋಜನ್ ಗ್ಯಾಸಿಗೆ ಆ ಕಿಡಿ ಸಾಕು. ತುಂಬಾ ಹಳೆಯ ಬ್ರಿಟಿಷ್ ಮೂಲದ ಕಾರುಗಳಲ್ಲಿ ಪ್ಲಸ್ಸೇ ಬಾಡಿಗೆ ಕೂತಿರುವುದುಂಟು. ಅಂಥ ಕಾರಾದರೆ ಈ ಲೆಕ್ಕ ಉಲ್ಟಾ, ಬಾಡಿಗೆ ಹೋಗುವ ವೈರೇ ಮೊದಲು ಬಿಚ್ಚಬೇಕು. ಉಜ್ಜಿ ಹೊಳೆಯುವ ಹಾಗೆ ಮಾಡಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿ.

ಈಗ ಮೀಟರ್ ಹಿಡಿಯಿರಿ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2 ಅಂದರೆ ಸುಮಾರು ಅರ್ಧ, 12ಕ್ಕಿಂತ ಕೆಳಗಿದ್ದರೆ ಚಾರ್ಜಿಗೆ ಹಾಕಬೇಕು. ಇದು ನಿಂತಾಗಿನ ಲೆಕ್ಕ. ಸೆಲ್ಫ್ ಹೊಡೆಯುವಾಗ ವೋಲ್ಟೇಜ್ 9.6ಕ್ಕಿಂತ ಕೆಳಗೆ ಬಿದ್ದರೆ, ನಿಂತಾಗ ಎಷ್ಟೇ ಚೆನ್ನಾಗಿ ತೋರಿಸಲಿ, ಬ್ಯಾಟರಿಯಲ್ಲಿ ಜೀವ ಇಲ್ಲ.

ಬ್ಯಾಟರಿ ಸರಿ ಇದೆ, ಆದರೂ ಸೆಲ್ಫ್ ಸೋಮಾರಿಯಾಗಿ ತಿರುಗುತ್ತದೆ. ಈಗ ಮಾಡುವ ಪರೀಕ್ಷೆ ನನ್ನ ಪ್ರಕಾರ ಈ ಇಡೀ ಬರಹದಲ್ಲಿ ಅತ್ಯಂತ ಬೆಲೆಬಾಳುವಂಥದ್ದು, ಖರ್ಚು ಸೊನ್ನೆ. ಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ (ಕ್ಲಾಂಪಿಗಲ್ಲ, ಕಂಬಕ್ಕೇ), ಇನ್ನೊಂದು ಎಂಜಿನ್ನಿನ ಬರಿ ಲೋಹಕ್ಕೆ. ಒಬ್ಬರು ಸೆಲ್ಫ್ ಹೊಡೆಯಲಿ. 0.2 ಅಥವಾ 0.3 ವೋಲ್ಟ್ ತೋರಿಸಿದರೆ ಚಿಂತೆ ಇಲ್ಲ. 0.5 ದಾಟಿದರೆ ಆ ದಾರಿಯಲ್ಲಿ ಎಲ್ಲೋ ಕರೆಂಟು ಸಿಕ್ಕಿಹಾಕಿಕೊಂಡಿದೆ. ಹಾಗೆಯೇ ಪ್ಲಸ್ ಕಂಬದಿಂದ ಸೆಲ್ಫ್ ಮೋಟರಿನ ದಪ್ಪ ಬೋಲ್ಟಿಗೂ ಅಳೆಯಿರಿ.

ಅರ್ಥ್ ದಾರಿಯಲ್ಲಿ ಜಾಸ್ತಿ ಬಂದರೆ ಬ್ಯಾಟರಿ ಟ್ರೇ ಎತ್ತಿ. ಟ್ರೇ ಅಡಿಯಲ್ಲಿ ಆಸಿಡ್ ಸುರಿದು ಪೇಂಟ್ ಎದ್ದಿರುತ್ತದೆ, ತಗಡು ಪದರ ಪದರವಾಗಿ ಏಳುತ್ತಿರುತ್ತದೆ. ಅರ್ಥ್ ವೈರಿನ ಕಣ್ಣು ಬಾಡಿಗೆ ಕೂತ ಜಾಗದಲ್ಲಿ ಮೇಲಿನಿಂದ ಬೋಲ್ಟ್ ಹೊಳೆಯುತ್ತಲೇ ಇರಬಹುದು. ಅದನ್ನು ಬಿಚ್ಚಿ ಕಣ್ಣನ್ನು ತಿರುಗಿಸಿ ನೋಡಿದರೆ ಮಾತ್ರ ಅಡಿಯಲ್ಲಿ ಕಂದು ಪುಡಿ, ಅದರ ನಡುವೆ ಉಗುರಿನಷ್ಟು ಜಾಗದಲ್ಲಿ ಮಾತ್ರ ಲೋಹಕ್ಕೆ ಲೋಹ ತಾಗಿದ ಗುರುತು ಕಾಣುತ್ತದೆ. ಇಡೀ ಸೆಲ್ಫ್ ಮೋಟರಿನ ಕರೆಂಟು ಅಷ್ಟು ಜಾಗದಲ್ಲಿ ನುಸುಳಬೇಕು. ಎಮರಿಯಲ್ಲಿ ಬಿಳಿ ಲೋಹ ಬರುವವರೆಗೆ ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಹಚ್ಚಿ. ಎಂಜಿನ್ ಮತ್ತು ಬಾಡಿ ನಡುವಿನ ಹೆಣೆದ ತಾಮ್ರದ ಪಟ್ಟಿಯನ್ನೂ ಬಿಡಬೇಡಿ. ಅದು ಹಸಿರು ಕಿಲುಬು ಹಿಡಿದು ಮುಟ್ಟಿದರೆ ಎಳೆ ಎಳೆ ಉದುರುವ ಸ್ಥಿತಿಯಲ್ಲಿದ್ದರೆ ಹೊಸದು ಹಾಕಿ.

ಎರಡೂ ದಾರಿ ಚೊಕ್ಕ ಇದ್ದು ಮೋಟರ್ ತಿರುಗದಿದ್ದರೆ ಆಗ ಸೆಲ್ಫ್ ಬಿಚ್ಚಿ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಕೊಡಿ. ಒಟ್ಟಿಗೆ 10 ಸೆಕೆಂಡಿಗಿಂತ ಜಾಸ್ತಿ ಸೆಲ್ಫ್ ಹೊಡೆಯಬೇಡಿ, ನಡುವೆ ಅರ್ಧ ನಿಮಿಷ ಬಿಡಿ, ಇಲ್ಲದಿದ್ದರೆ ಇದ್ದ ಮೋಟರೂ ಸುಡುತ್ತದೆ.

ಸೆಲ್ಫ್ ಜೋರಾಗಿ ತಿರುಗುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ

ರಾತ್ರಿಯಿಡೀ ಮಳೆ ಹೊಡೆದ ಬೆಳಗಿನ ಸಮಸ್ಯೆ ಇದು. ಎಂಜಿನ್ ಹಿಡಿಯಲು ಕಿಡಿ ಬೇಕು, ಪೆಟ್ರೋಲ್ ಬೇಕು, ಗಾಳಿ ಬೇಕು. ನಮ್ಮಲ್ಲಿ ಈ ಹವೆಗೆ ಮೊದಲು ಹೋಗುವುದು ಕಿಡಿ.

ಬಾನೆಟ್ ಎತ್ತಿ ಸುಮ್ನೆ ಒಂದು ಸಲ ನೋಡಿ. ಇಲಿ ಬಂದಿದೆಯಾ? ಮಳೆಗಾಲದಲ್ಲಿ ಇಲಿಗಳಿಗೆ ಎಂಜಿನ್ ಮೇಲಿನಷ್ಟು ಬೆಚ್ಚಗಿನ ಜಾಗ ಬೇರೆ ಇಲ್ಲ. ಕಡಿದ ವೈರ್, ಏರ್ ಫಿಲ್ಟರ್ ಡಬ್ಬಿಯೊಳಗೆ ತೆಂಗಿನ ನಾರು, ಅಡಿಕೆ ಸಿಪ್ಪೆ ತುಂಬಿಟ್ಟಿರುವುದು ಹೊಸತಲ್ಲ. ಫಿಲ್ಟರ್ ಡಬ್ಬಿ ತೆರೆದು ನೋಡಲು ಎರಡು ನಿಮಿಷ ಸಾಕು.

ಆಮೇಲೆ ಡೆಲ್ಕೋ. ಡಿಸ್ಟ್ರಿಬ್ಯೂಟರ್ ಅಂತ ಪುಸ್ತಕದಲ್ಲಿರುತ್ತದೆ, ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ಡೆಲ್ಕೋ. ಕಿಡಿಯ ಕರೆಂಟನ್ನು ಒಂದೊಂದೇ ಪ್ಲಗ್ಗಿಗೆ ಹಂಚುವ ಭಾಗ. ಕೀ ಆಫ್ ಮಾಡಿ. ಪ್ಲಗ್ ವೈರುಗಳನ್ನು ಮುಟ್ಟುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ, ಅದಲು ಬದಲು ಆದರೆ ಇನ್ನೊಂದು ಮಂಡೆಬಿಸಿ. ಮಾರುತಿ 800 ಮೂರು ಸಿಲಿಂಡರ್, ಫೈರಿಂಗ್ ಆರ್ಡರ್ (ಸಿಲಿಂಡರುಗಳಲ್ಲಿ ಕಿಡಿ ಬರುವ ಕ್ರಮ) 1-3-2. ಪದ್ಮಿನಿ, ಹಳೆ ಅಂಬಾಸಿಡರ್ ಪೆಟ್ರೋಲ್ ಎಂಜಿನ್ ಎರಡೂ 1-3-4-2.

ಮುಚ್ಚಳ ಬಿಚ್ಚಿ ಒಳಗಡೆ ಟಾರ್ಚ್ ಬಿಡಿ. ಗೋಡೆಯಲ್ಲಿ ಬೆವರಿನ ಹಾಗೆ ತೇವ ಕೂತಿದ್ದರೆ ನಿಮ್ಮ ಅದೃಷ್ಟ, ಒಣ ಬಟ್ಟೆಯಲ್ಲಿ ಒರೆಸಿ ಹಾಕಿದರೆ ಮುಗಿಯಿತು. ಟರ್ಮಿನಲ್ ತುದಿಗಳ ಮೇಲೆ ಬೂದಿಯಂಥ ಬಿಳಿ ಪುಡಿ ಇದ್ದರೆ ಅಲ್ಯೂಮಿನಿಯಂ ಕೊರೆದಿದೆ, ಮೆಲ್ಲಗೆ ಕೆರೆದು ತೆಗೆಯಿರಿ. ನಡುವಿನ ಸಣ್ಣ ಕಾರ್ಬನ್ ಕಡ್ಡಿ ಸ್ಪ್ರಿಂಗ್ ಮೇಲೆ ಒಳಗೆ ಹೊರಗೆ ಆಡುತ್ತಿರಬೇಕು. ಇನ್ನು ಒಂದು ಟರ್ಮಿನಲ್‌ನಿಂದ ಇನ್ನೊಂದಕ್ಕೆ ಪೆನ್ಸಿಲಿನಲ್ಲಿ ಎಳೆದ ಹಾಗೆ ಕೂದಲೆಳೆಯಂಥ ಕಪ್ಪು ಗೆರೆ ಕಂಡರೆ ಉಜ್ಜುವುದು ದಂಡ. ಅದು ಕೊಳೆ ಅಲ್ಲ, ಕರೆಂಟು ಹರಿದು ಪ್ಲಾಸ್ಟಿಕ್ ಸುಟ್ಟ ದಾರಿ. ಇವತ್ತು ಉಜ್ಜಿದರೆ ಮುಂದಿನ ಮಳೆಗೆ ಅದೇ ದಾರಿಯಲ್ಲಿ ಮತ್ತೆ ಹರಿಯುತ್ತದೆ. ಮುಚ್ಚಳ ಹೊಸದು ಹಾಕಿ, ಜೊತೆಗೆ ಅದರೊಳಗೆ ತಿರುಗುವ ರೋಟರನ್ನೂ.

ಪ್ಲಗ್ ವೈರ್ ಸೋರುತ್ತಿದೆಯಾ ಅಂತ ತಿಳಿಯಲು ಕತ್ತಲು ಬೇಕು. ಹೇಗಾದರೂ ಎಂಜಿನ್ ಓಡುತ್ತಿದ್ದರೆ ರಾತ್ರಿ ಅಂಗಳದ ಲೈಟ್ ಆರಿಸಿ ಬಾನೆಟ್ ಎತ್ತಿ ದೂರ ನಿಂತು ನೋಡಿ. ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯಿಂದ ವೈರುಗಳ ಕಡೆ ಸ್ವಲ್ಪ ಮಂಜು ಬಿಡಿ. ನೀಲಿ ಕಿಡಿ ಪಟಪಟ ಅಂತ ಹಾರುವ ಜಾಗವೇ ನಿಮ್ಮ ರೋಗ. ಆ ಹೊತ್ತಿನಲ್ಲಿ ಕೈ ಹಾಕಬೇಡಿ, ಸೆರಗು, ಶಾಲು, ಉದ್ದ ಕೂದಲು ಫ್ಯಾನ್ ಬೆಲ್ಟಿನ ಹತ್ತಿರ ಬರಬಾರದು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಈ ಕೆಲಸಕ್ಕೆ ಹತ್ತಿರವೂ ಬರುವುದು ಬೇಡ.

ಇಷ್ಟಕ್ಕೂ ಹಿಡಿಯದಿದ್ದರೆ ಒಂದು ಪ್ಲಗ್ ಬಿಚ್ಚಿ ನೋಡಿ. ಪ್ಲಗ್ ಪೆಟ್ರೋಲಿನಲ್ಲಿ ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಬರುತ್ತಿಲ್ಲ, ಅಥವಾ ಚೋಕ್ ಎಳೆದೆಳೆದು ನೀವೇ ಮುಳುಗಿಸಿದ್ದೀರಿ. ಚೋಕ್ ಒಳಗೆ ತಳ್ಳಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು (ಪಂಪ್ ಮಾಡಬಾರದು) ಐದಾರು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಬರೀ ಮುಳುಗಿದ್ದಾದರೆ ಕೆಮ್ಮಿಕೊಂಡು ಹಿಡಿಯುತ್ತದೆ. ಪ್ಲಗ್ ಒಣಗಿ ಕಟ್ಟಿಗೆಯಾಗಿದ್ದರೆ ಪೆಟ್ರೋಲೇ ಬರುತ್ತಿಲ್ಲ.

ಕಿಡಿ ನೋಡುವ ಕ್ರಮ: ಬಿಚ್ಚಿದ ಪ್ಲಗ್ಗನ್ನು ಅದರ ವೈರಿಗೇ ಸಿಕ್ಕಿಸಿ, ಲೋಹದ ಭಾಗ ಎಂಜಿನ್ನಿಗೆ ತಾಗುವ ಹಾಗೆ ಇಡಿ. ಪ್ಲಗ್ ತೂತಿನಿಂದ ಮತ್ತು ಕಾರ್ಬೊರೇಟರ್‌ನಿಂದ ದೂರ ಇಡಿ, ಆ ತೂತಿನಿಂದ ಪೆಟ್ರೋಲ್ ಹಬೆ ಬರುತ್ತದೆ. ಕೈಯಲ್ಲಿ ಹಿಡಿಯಬೇಡಿ. ಸೆಲ್ಫ್ ಹೊಡೆದಾಗ ಚಟ್ ಚಟ್ ಅಂತ ನೀಲಿ ಕಿಡಿ ಬಂದರೆ ಸರಿ. ಹಳದಿಯಾಗಿ ಬಡಕಲು ಕಿಡಿ ಬಂದರೆ ಕಾಯಿಲ್, ಪಾಯಿಂಟ್ (ಡೆಲ್ಕೋ ಒಳಗೆ ತೆರೆದು ಮುಚ್ಚುವ ಸಣ್ಣ ಸ್ವಿಚ್), ಅದರ ಜೊತೆಗಿರುವ ಕಂಡೆನ್ಸರ್ ಕಡೆ ನೋಡಬೇಕು. ಎಲೆಕ್ಟ್ರಾನಿಕ್ ಇಗ್ನಿಷನ್ ಇರುವ ಕಾರಿನಲ್ಲಿ ವೈರ್ ಎಲ್ಲಿಗೂ ತಾಗಿಸದೆ ಗಾಳಿಯಲ್ಲಿ ಬಿಟ್ಟು ಸೆಲ್ಫ್ ಹೊಡೆದರೆ ಒಳಗಿನ ಮಾಡ್ಯೂಲ್ ಸುಡಬಹುದು, ಅದಕ್ಕೆ ಬೆಲೆ ಜಾಸ್ತಿ.

ಪಾಯಿಂಟ್ ಇರುವ ಕಾರಾದರೆ ಅದರ ಎರಡು ಮುಖಗಳ ಮೇಲೆ ಇಲ್ಲಿನ ತೇವಕ್ಕೆ ಬೂದು ಬಣ್ಣದ ಪೊರೆ ಕಟ್ಟುತ್ತದೆ. ವಾರಗಟ್ಟಲೆ ನಿಂತ ಕಾರಿನಲ್ಲಂತೂ ಗ್ಯಾರಂಟಿ. ಎಮರಿ ಮಡಚಿ ನಡುವೆ ಎಳೆದು, ಆಮೇಲೆ ಒಂದು ಒಣ ಕಾಗದ ಎಳೆದು ಪುಡಿ ತೆಗೆಯಿರಿ. ಗ್ಯಾಪ್ ಸುಮಾರು 0.4 ಮಿ.ಮೀ., ನಿಮ್ಮ ಕಾರಿನ ಪುಸ್ತಕದಲ್ಲಿ ಬೇರೆ ಇದ್ದರೆ ಅದೇ ಸರಿ. ಕಾಯಿಲ್‌ನ ಎರಡು ಸಣ್ಣ ಟರ್ಮಿನಲ್ ನಡುವೆ ಓಮ್ ಅಳೆದರೆ ಸಾದಾ 12 ವೋಲ್ಟ್ ಕಾಯಿಲಿಗೆ 3ರ ಆಸುಪಾಸು, ಬ್ಯಾಲಸ್ಟ್ ರೆಸಿಸ್ಟರ್ (ಕರೆಂಟು ತಗ್ಗಿಸುವ ಹೊರಗಿನ ತುಂಡು) ಇರುವ ಕಾಯಿಲಿಗೆ 1.5ರ ಆಸುಪಾಸು ಬರಬೇಕು. ಮೀಟರ್ ಏನೂ ತೋರಿಸದಿದ್ದರೆ ಒಳಗೆ ತಂತಿ ಕಡಿದಿದೆ.

ಪೆಟ್ರೋಲ್ ಕಡೆಯ ಪರೀಕ್ಷೆ ಇನ್ನೂ ಸುಲಭ. ಎಂಜಿನ್ ಆಫ್ ಇರುವಾಗ ಏರ್ ಫಿಲ್ಟರ್ ತೆಗೆದು ಕಾರ್ಬೊರೇಟರ್ ಬಾಯೊಳಗೆ ನೋಡುತ್ತಾ ಆಕ್ಸಿಲರೇಟರ್ ಲಿವರ್ ಎಳೆಯಿರಿ. ಸಣ್ಣ ಧಾರೆ ಚಿಮ್ಮಬೇಕು. ಬಂದರೆ ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ಉಂಟು. ಬರದಿದ್ದರೆ ಪಂಪ್, ಫಿಲ್ಟರ್, ಟ್ಯಾಂಕ್ ಕಡೆ ಹೋಗಬೇಕು. ನೋಡಲು ಟಾರ್ಚ್ ಮಾತ್ರ, ಬೆಂಕಿಕಡ್ಡಿ ಅಲ್ಲ. ಇದನ್ನೂ ಹೇಳಬೇಕಾ ಅಂತ ಕೇಳಬೇಡಿ, ಹೇಳಬೇಕು.

ಸ್ಟಾರ್ಟ್ ಆಗುತ್ತದೆ, ಆಕ್ಸಿಲರೇಟರ್ ಬಿಟ್ಟ ಕೂಡಲೇ ಆಫ್

ಕಾರ್ಬೊರೇಟರಿನ ಬದಿಯಲ್ಲಿ ಒಂದು ವೈರ್ ಬರುವ ಸಣ್ಣ ಸೊಲೆನಾಯ್ಡ್ (ಇದು ಪೆಟ್ರೋಲ್ ಬಿಡುವ ಕರೆಂಟಿನ ಕವಾಟ) ಇದ್ದರೆ ಮೊದಲು ಅದನ್ನು ನೋಡಿ. ಕೀ ಆನ್ ಮಾಡಿದಾಗ ಅದು "ಟಿಕ್" ಅನ್ನಬೇಕು. ಅನ್ನದಿದ್ದರೆ ವೈರ್ ಸಡಿಲ ಅಥವಾ ಕಿಲುಬು. ಎಷ್ಟೋ ಜನ ಇದೇ ದೋಷಕ್ಕೆ ಪೂರ್ತಿ ಕಾರ್ಬೊರೇಟರ್ ಬಿಚ್ಚಿಸಿ ಸರ್ವಿಸ್ ಮಾಡಿಸುತ್ತಾರೆ. ವೈರ್ ಸರಿ ಇದ್ದರೆ ವ್ಯಾಕ್ಯೂಮ್ ಪೈಪ್ ಬಿರುಕು ಬಿಟ್ಟಿದೆಯಾ ನೋಡಿ, ಎಂಜಿನ್ ಓಡುವಾಗ ಸ್‌ಸ್ ಅಂತ ಗಾಳಿ ಎಳೆಯುವ ಸದ್ದು ಕೇಳುತ್ತದೆ. ಕೊನೆಗೆ, ಆಕ್ಸಿಲರೇಟರ್ ಬಿಟ್ಟಾಗ ಪೆಟ್ರೋಲ್ ಕೊಡುವ ಸಣ್ಣ ತೂತಿನಲ್ಲಿ (ಐಡ್ಲ್ ಜೆಟ್) ಕಸ.

ಇನ್ನೊಂದು ಕಾರಣ ನಮ್ಮೂರಿಗೇ ವಿಶೇಷ. ಮಗ ಗಲ್ಫ್‌ನಲ್ಲೋ ಮುಂಬೈಯಲ್ಲೋ ಇರುತ್ತಾನೆ, ಕಾರು ಶೆಡ್ಡಿನಲ್ಲಿರುತ್ತದೆ, ಚೌತಿಗೋ ಮನೆಯ ಭೂತಕೋಲಕ್ಕೋ ಊರಿಗೆ ಬಂದಾಗ ಮಾತ್ರ ಕೀ ತಿರುಗುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಬಂಕುಗಳಲ್ಲಿ ಸಿಗುವುದು ಈಗ ಹೆಚ್ಚಾಗಿ 20 ಶೇಕಡಾ ಬೆರೆತದ್ದು. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ನೀರು ಒಂದು ಮಟ್ಟ ದಾಟಿದರೆ ಎಥನಾಲೂ ನೀರೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಕೂರುತ್ತವೆ. ಟ್ಯಾಂಕಿನ ತಳದಿಂದಲೇ ಅಲ್ವಾ ಪೈಪ್ ಎಳೆಯುವುದು.

ಪರೀಕ್ಷೆಗೆ ಕಾರ್ಬೊರೇಟರಿನ ಫ್ಲೋಟ್ ಬೌಲಿನಿಂದ (ಪೆಟ್ರೋಲ್ ನಿಲ್ಲುವ ಬಟ್ಟಲು) ಅಥವಾ ಪಂಪಿಗೆ ಬರುವ ಪೈಪಿನಿಂದ ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಿಡಿಯಿರಿ. ಎಂಜಿನ್ ತಣ್ಣಗಿರಲಿ, ಬಯಲಲ್ಲಿ ಮಾಡಿ. ಅಲುಗಾಡಿಸದೆ ಹತ್ತು ನಿಮಿಷ ಬಿಟ್ಟು ಬೆಳಕಿಗೆ ಹಿಡಿದರೆ, ನೀರು ಇದ್ದಲ್ಲಿ ಅಡಿಯಲ್ಲಿ ಬೇರೆ ಪದರ ಸ್ಪಷ್ಟ ಕಾಣುತ್ತದೆ, ನಡುವೆ ಗೆರೆ ಎಳೆದ ಹಾಗೆ. ಹಾಗಿದ್ದರೆ ಟ್ಯಾಂಕ್ ಖಾಲಿ ಮಾಡಿಸಿ, ಫಿಲ್ಟರ್ ಬದಲಾಯಿಸಿ. ಹೊಸ ಪೆಟ್ರೋಲ್ ಮೇಲಿಂದ ಸುರಿದು "ಬೆರೆತು ಸರಿಹೋಗುತ್ತದೆ" ಅನ್ನುವುದು ಆಗದ ಮಾತು.

ನೀರು ತುಂಬಿದ ರಸ್ತೆಯಲ್ಲಿ ಎಂಜಿನ್ ನಿಂತಿತು

ಕೊಟ್ಟಾರ ಚೌಕಿ, ಪಂಪ್‌ವೆಲ್, ಉಡುಪಿಯ ಕಲ್ಸಂಕ. ಜೋರು ಮಳೆಗೆ ಇಲ್ಲೆಲ್ಲ ರಸ್ತೆ ಯಾವುದು ತೋಡು ಯಾವುದು ಗೊತ್ತಾಗುವುದಿಲ್ಲ. ನೀರಿನ ನಡುವೆ ಎಂಜಿನ್ ನಿಂತರೆ ಮತ್ತೆ ಸೆಲ್ಫ್ ಹೊಡೆಯಬೇಡಿ. ಹಿಂದಿನವರು ಎಷ್ಟೇ ಹಾರ್ನ್ ಹೊಡೆಯಲಿ. ಏರ್ ಫಿಲ್ಟರಿನಿಂದ ನೀರು ಸಿಲಿಂಡರಿಗೆ ಹೋಗಿದ್ದರೆ ಪಿಸ್ಟನ್ ಆ ನೀರನ್ನು ಒತ್ತಲಾರದು, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಡೆಲ್ಕೋ ಒದ್ದೆಯಾಗಿ ನಿಂತಿದ್ದರೆ ನೂರು ರೂಪಾಯಿಯ ಕೆಲಸವೂ ಆಗಲಿಕ್ಕಿಲ್ಲ, ರಾಡ್ ಬಗ್ಗಿದರೆ ಎಂಜಿನ್ನೇ ಬಿಚ್ಚಬೇಕು.

ಗೇರ್ ನ್ಯೂಟ್ರಲ್ ಮಾಡಿ ನಾಲ್ಕು ಜನ ಸೇರಿ ದೂಡಿ ಎತ್ತರಕ್ಕೆ ತನ್ನಿ. ಗೇರಿಗೆ ಹಾಕಿ ದೂಡಿ ಸ್ಟಾರ್ಟ್ ಮಾಡುವುದೂ ಬೇಡ, ಅದೂ ಸೆಲ್ಫ್ ಹೊಡೆದ ಹಾಗೆಯೇ. ಏರ್ ಫಿಲ್ಟರ್ ತೆಗೆದು ಮುಟ್ಟಿ. ಒಣಗಿದ್ದರೆ ನೀರು ಒಳಗೆ ಹೋಗಿಲ್ಲ, ಡೆಲ್ಕೋ ಮತ್ತು ಪ್ಲಗ್ ವೈರ್ ಒರೆಸಿ ಪ್ರಯತ್ನ ಮಾಡಬಹುದು. ಫಿಲ್ಟರ್ ಒದ್ದೆಯಾಗಿದ್ದರೆ ಎಲ್ಲಾ ಪ್ಲಗ್ ಬಿಚ್ಚಿ, ಕಾಯಿಲಿನ ಸಣ್ಣ ವೈರ್ ಕಳಚಿ, ಆಮೇಲೆ ಮಾತ್ರ ಸೆಲ್ಫ್ ಹೊಡೆಯಿರಿ. ತೂತುಗಳಿಂದ ನೀರು ಹಾರುತ್ತದೆ, ಮುಖ ಬಗ್ಗಿಸಿ ನಿಲ್ಲಬೇಡಿ. ಡಿಪ್‌ಸ್ಟಿಕ್ ಎಳೆದಾಗ ಎಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣ ಇದ್ದರೆ ಅಲ್ಲಿಗೇ ನಿಲ್ಲಿಸಿ, ಟೋ ಮಾಡಿಸಿ.

ಪದ್ಮಿನಿ, ಅಂಬಾಸಿಡರ್‌ಗಳಲ್ಲಿ ಹಿಂದಿನ ಆಕ್ಸಲ್ ಬಿಸಿಯಿರುವಾಗ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ ಬ್ರೀದರ್ (ಗಾಳಿಯಾಡುವ ತೂತು) ಮೂಲಕ ನೀರು ಎಳೆದುಕೊಳ್ಳುತ್ತದೆ. ಚಕ್ರ ಮುಳುಗುವಷ್ಟು ನೀರಿನಲ್ಲಿ ಹೋಗಿದ್ದರೆ ಆ ಆಕ್ಸಲ್ ಒಳಗಿನ ಡಿಫರೆನ್ಶಿಯಲ್ ಆಯಿಲ್ ಕೂಡ ತೆಗೆದು ನೋಡಿಸಿ. ಮಲ್ಪೆ, ಪಣಂಬೂರು ಕಡೆ ಕಡಲ ನೀರು ತಾಗಿದ್ದರೆ ಅದೇ ದಿನ ಅಡಿಭಾಗಕ್ಕೆ ಚೆನ್ನಾಗಿ ಬಾವಿ ನೀರು ಹೊಡೆಯಿರಿ. ನಾಳೆಗೆ ಇಡಬೇಡಿ.

ಚೆನ್ನಾಗಿ ಓಡಿ, ಬಿಸಿಯಾದ ಮೇಲೆ ನಿಲ್ಲುತ್ತದೆ, ಅರ್ಧ ಗಂಟೆ ಬಿಟ್ಟರೆ ಮತ್ತೆ ಸರಿ

ಮಾರ್ಚ್-ಏಪ್ರಿಲ್ ಸೆಕೆಯ ದೂರು ಇದು. ಕಾರಣ ಮೂರ್ನಾಲ್ಕು ಇರಬಹುದು. ಹಿಡಿಯಲು ಒಂದೇ ಉಪಾಯ: ನಿಂತ ಕೂಡಲೇ, ತಣ್ಣಗಾಗುವ ಮೊದಲೇ ಪರೀಕ್ಷೆ ಮಾಡಬೇಕು. ನೀವು ಟೀ ಕುಡಿದು ಬರುವಷ್ಟರಲ್ಲಿ ಸಾಕ್ಷಿ ಹೋಗಿರುತ್ತದೆ.

ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆಯಿರಿ. ಪುಸ್ ಅಂತ ಗಾಳಿ ಒಳಗೆ ಹೋಗಿ ಆಮೇಲೆ ಕಾರು ಸ್ಟಾರ್ಟ್ ಆದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ. ಖರ್ಚಿಲ್ಲದ ರಿಪೇರಿ. ಅದಲ್ಲವಾದರೆ ಕಾರ್ಬೊರೇಟರ್ ಬಾಯೊಳಗೆ ಧಾರೆ ಬರುತ್ತದಾ ನೋಡಿ. ಬರದಿದ್ದರೆ ಪಂಪ್ ಅಥವಾ ಪೈಪಿನಲ್ಲಿ ಪೆಟ್ರೋಲ್ ಕುದಿದು ಹಬೆ ಕಟ್ಟಿದೆ ಎಂದು ಅನುಮಾನಿಸಿ. ಎಂಜಿನ್ ಆಫ್ ಮಾಡಿ ಪಂಪ್ ಮೇಲೆ ಒದ್ದೆ ಬಟ್ಟೆ ಇಟ್ಟು ಕಾಯಿರಿ. ಬಟ್ಟೆ ಇಟ್ಟ ಕೂಡಲೇ ಸರಿಯಾದರೆ ಉತ್ತರ ಸಿಕ್ಕಿತು, ಪೆಟ್ರೋಲ್ ಪೈಪ್ ಸೈಲೆನ್ಸರ್ ಮ್ಯಾನಿಫೋಲ್ಡಿನ ಹತ್ತಿರ ಹಾದಿದೆಯಾ ನೋಡಿ ದೂರ ಸರಿಸಿ.

ಧಾರೆ ಬರುತ್ತದೆ ಆದರೆ ಕಿಡಿ ಇಲ್ಲ ಅಂದರೆ ಕಾಯಿಲ್ ಅಥವಾ ಕಂಡೆನ್ಸರ್. ಬಿಸಿಗೆ ಕೈಕೊಟ್ಟು ತಣ್ಣಗಾದರೆ ಬದುಕುವ ಬುದ್ಧಿ ಎರಡಕ್ಕೂ ಇದೆ. ಕಂಡೆನ್ಸರ್ ಅಗ್ಗ, ಮೊದಲು ಅದನ್ನೇ ಬದಲಾಯಿಸಿ.

ಘಾಟಿಯಲ್ಲಿ ಟೆಂಪರೇಚರ್ ಮುಳ್ಳು ಏರುತ್ತದೆ

ಶಿರಾಡಿ, ಚಾರ್ಮಾಡಿ, ಇಲ್ಲವೇ ಆಗುಂಬೆಯ ಹದಿನಾಲ್ಕು ತಿರುವು. ಮುಳ್ಳು ಕೆಂಪಿನ ಹತ್ತಿರ ಬಂದರೆ ತಿರುವಿನಲ್ಲಿ ಅಲ್ಲ, ಮುಂದೆ ಅಗಲ ಇರುವಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ, ಬಾನೆಟ್ ಎತ್ತಿ ಬಿಡಿ. ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಕೂತಿರುತ್ತದೆ, ಮುಚ್ಚಳ ತೆಗೆದ ಕ್ಷಣ ಮುಖಕ್ಕೆ ಚಿಮ್ಮುತ್ತದೆ. ಮೇಲಿನ ಹೋಸ್ ಕೈಯಲ್ಲಿ ಹಿಡಿಯುವಷ್ಟು ತಣ್ಣಗಾಗಲಿ. ಬಿಸಿ ಎಂಜಿನ್ ಮೇಲೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು.

ಮನೆಗೆ ಬಂದು ನೋಡುವುದು ಹೀಗೆ. ತಣ್ಣಗಿರುವಾಗ ನೀರಿನ ಮಟ್ಟ ಕಡಿಮೆ ಇದೆಯಾ? ಇದ್ದರೆ ಸೋರಿಕೆ ಹುಡುಕಿ. ಫ್ಯಾನ್ ತಿರುಗುತ್ತದಾ? 800ರಲ್ಲಿ ಫ್ಯಾನ್ ಕರೆಂಟಿನದ್ದು, ರೇಡಿಯೇಟರಿನ ಥರ್ಮೋ ಸ್ವಿಚ್ಚಿನ ವೈರ್ ಕಿಲುಬು ಹಿಡಿದರೆ ಅದು ಸುಮ್ಮನಿರುತ್ತದೆ. ಅಂಬಾಸಿಡರಿನಲ್ಲಿ ಬೆಲ್ಟ್ ಸಡಿಲವಾ ನೋಡಿ. ಎಂಜಿನ್ ಬಿಸಿ, ಮೇಲಿನ ಹೋಸ್ ಮಾತ್ರ ತಣ್ಣಗಿದ್ದರೆ ಥರ್ಮೋಸ್ಟಾಟ್ (ಬಿಸಿಯಾದ ಮೇಲೆ ತೆರೆದು ರೇಡಿಯೇಟರಿಗೆ ನೀರು ಬಿಡುವ ಕವಾಟ) ಮುಚ್ಚಿಕೊಂಡೇ ಕೂತಿದೆ. ಅದು ಸಾಮಾನ್ಯವಾಗಿ 82ರಿಂದ 88 ಡಿಗ್ರಿ ಒಳಗೆ ತೆರೆಯಬೇಕು, ಪಾತ್ರೆಯಲ್ಲಿ ನೀರು ಕಾಯಿಸಿ ಮುಳುಗಿಸಿ ನೋಡಬಹುದು. ಹಾಳಾದರೆ ಹೊಸದು ಹಾಕಿ. "ನಮ್ಮ ಊರಿನ ಸೆಕೆಗೆ ಥರ್ಮೋಸ್ಟಾಟ್ ಯಾಕೆ, ತೆಗೆದು ಬಿಸಾಡಿ" ಅನ್ನುವವರು ಇದ್ದಾರೆ. ನಾನು ಒಪ್ಪುವುದಿಲ್ಲ. ಎಂಜಿನ್ ಸರಿಯಾಗಿ ಬಿಸಿಯಾಗದೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಸವೆತವೂ ಜಾಸ್ತಿ.

ರೇಡಿಯೇಟರಿಗೆ ಬಾವಿ ನೀರು ಹಾಕುವ ಅಭ್ಯಾಸ ಬಿಡಿ. ಕಡಲ ಬದಿಯ ಬಾವಿಗಳಲ್ಲಿ ಬೇಸಿಗೆಗೆ ಉಪ್ಪು ಬರುತ್ತದೆ, ಒಳಗಿನಿಂದ ತಿನ್ನುತ್ತದೆ. ಡಿಸ್ಟಿಲ್ಡ್ ವಾಟರಿಗೆ ಕೂಲಂಟ್ ಬೆರೆಸಿ ಹಾಕಿ. ನೀರು ಎಲ್ಲೂ ಸೋರದೆ ಕಡಿಮೆಯಾಗುತ್ತಿದ್ದರೆ, ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತಿದ್ದರೆ, ಬಿಸಿಯಾದ ಮೇಲೂ ಸೈಲೆನ್ಸರಿನಲ್ಲಿ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಹೆಡ್ ಅಡಿಯ ಸೀಲ್) ಹೋಗಿದೆ. ಅಂಗಳದ ಕೆಲಸ ಅಲ್ಲ, ಗ್ಯಾರೇಜಿಗೆ ಕೊಡಿ.

ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟ್ ಮಿನುಗುತ್ತದೆ

ನೋಡುವವರಿಗೆ ತಮಾಷೆ. ಹಂಚಿನ ಮನೆಯಲ್ಲಿ ಹಂಚು ಒಡೆದದ್ದು ಒಂದು ಕಡೆ, ನೀರು ತೊಟ್ಟಿಕ್ಕುವುದು ಇನ್ನೊಂದು ಕಡೆ ಅಲ್ವಾ? ಇದೂ ಹಾಗೇ. ಹಿಂದಿನ ಲೈಟಿನ ಅರ್ಥ್ ಹೋಗಿರುತ್ತದೆ, ಕರೆಂಟು ವಾಪಸ್ ಹೋಗಲು ಪಕ್ಕದ ಬಲ್ಬಿನ ದಾರಿ ಹಿಡಿಯುತ್ತದೆ. ಲೈಟ್ ಡಬ್ಬಿಯಿಂದ ಬಾಡಿಗೆ ಹೋಗುವ ವೈರ್ ಹುಡುಕಿ ಉಜ್ಜಿ ಬಿಗಿ ಮಾಡಿ. ಖಾತ್ರಿ ಬೇಕಾದರೆ ಒಂದು ತುಂಡು ವೈರಿನಲ್ಲಿ ಲೈಟಿನ ಅರ್ಥನ್ನು ನೇರ ಬ್ಯಾಟರಿ ಮೈನಸ್‌ಗೆ ಕೊಟ್ಟು ನೋಡಿ. ಒಂದೇ ಬದಿಯ ಹೆಡ್‌ಲೈಟ್ ಮಂಕಿದ್ದರೂ ಇದೇ ಕ್ರಮ.

ಎರಡೂ ಬದಿ ಮಂಕು, ಆಕ್ಸಿಲರೇಟರ್ ಕೊಟ್ಟರೂ ಏರದಿದ್ದರೆ ಎಂಜಿನ್ ಓಡುವಾಗ ಬ್ಯಾಟರಿ ವೋಲ್ಟ್ ನೋಡಿ. ಆಲ್ಟರ್ನೇಟರ್ ಇರುವ ಕಾರಿನಲ್ಲಿ 13.8ರಿಂದ 14.4 ಬರಬೇಕು. 15 ದಾಟುತ್ತಿದ್ದರೆ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಹೋಗಿದೆ, ಬ್ಯಾಟರಿ ಕುದಿಯುವ ಮೊದಲು ತೋರಿಸಿ. ಪದೇ ಪದೇ ಫ್ಯೂಸ್ ಹೋಗುತ್ತಿದ್ದರೆ ದೊಡ್ಡ ಫ್ಯೂಸ್ ಹಾಕಬೇಡಿ, ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದವಂತೂ ಬೇಡವೇ ಬೇಡ. ವೈರ್ ಸುಟ್ಟ ವಾಸನೆ ಬಂದರೆ ಬ್ಯಾಟರಿ ಮೈನಸ್ ಕಳಚಿ, ಮುಂದಿನದು ಎಲೆಕ್ಟ್ರಿಷಿಯನ್ ಕೆಲಸ.

ಪೆಟ್ರೋಲ್ ವಾಸನೆ

ಬ್ಯಾಟರಿ ಮೈನಸ್ ಕಳಚಲೂ ಅವಸರ ಬೇಡ, ಅಲ್ಲೂ ಕಿಡಿ ಬರುತ್ತದೆ. ಮೊದಲು ಕಾರನ್ನು ದೂಡಿ ಬಯಲಿಗೆ ತನ್ನಿ, ಬಾನೆಟ್, ಬಾಗಿಲು ತೆರೆದಿಟ್ಟು ವಾಸನೆ ಹೋಗಲು ಬಿಡಿ. ಹಳೆ ರಬ್ಬರ್ ಪೈಪ್, ಪಂಪಿನ ಡಯಾಫ್ರಂ ಎಥನಾಲ್ ಬೆರೆತ ಪೆಟ್ರೋಲಿಗೆ ಮಾಡಿದ್ದಲ್ಲ. ಬಗ್ಗಿಸಿದರೆ ಬಿರುಕು ಕಾಣುತ್ತದೆ, ಕೆಲವು ಮೆತ್ತಗಾಗಿ ಊದಿರುತ್ತವೆ. ಎಥನಾಲ್ ತಾಳುವ ಪೈಪ್ ಕೇಳಿ ತನ್ನಿ, ಕ್ಲಿಪ್ಪೂ ಹೊಸದಿರಲಿ. ಟ್ಯಾಂಕೇ ತುಕ್ಕು ಹಿಡಿದು ಸೋರುತ್ತಿದ್ದರೆ ಮನೆಯಲ್ಲಿ ಅಂಟು ಹಚ್ಚಿ ಓಡಿಸಬೇಡಿ. ಖಾಲಿ ಟ್ಯಾಂಕಿಗೆ ವೆಲ್ಡಿಂಗ್ ಮಾಡುವುದು ತುಂಬಿದ ಟ್ಯಾಂಕಿಗಿಂತ ಅಪಾಯ, ಒಳಗೆ ಹಬೆ ಇರುತ್ತದೆ.

ಬ್ರೇಕ್

ಇಲ್ಲಿ ಮಾತು ಕಡಿಮೆ. ನೀರಿನಲ್ಲಿ ಹೋಗಿ ಬಂದ ಮೇಲೆ ಬ್ರೇಕ್ ಹಿಡಿಯದಿದ್ದರೆ ನಿಧಾನ ಗತಿಯಲ್ಲಿ ಪೆಡಲ್ ಮೆಲ್ಲಗೆ ಒತ್ತಿಕೊಂಡು ಓಡಿಸಿ, ಡ್ರಮ್ ಒಣಗುತ್ತದೆ. ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ದಿನಗಟ್ಟಲೆ ನಿಲ್ಲಿಸಿದರೆ ಶೂ ಡ್ರಮ್ಮಿಗೆ ತುಕ್ಕಿನಿಂದ ಅಂಟಿಕೊಳ್ಳುತ್ತದೆ. ಸಮತಟ್ಟಾದ ಅಂಗಳದಲ್ಲಿ ಗೇರಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟಿಡಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ನಮ್ಮ ಹವೆಯಲ್ಲಿ 2 ವರ್ಷಕ್ಕೆ ಒಮ್ಮೆ ಬದಲಾಯಿಸಲೇಬೇಕು.

ಪೆಡಲ್ ಸ್ಪಂಜಿನ ಹಾಗಿದ್ದರೆ, ಒತ್ತಿ ಹಿಡಿದಾಗ ನಿಧಾನ ಕೆಳಗೆ ಇಳಿಯುತ್ತಿದ್ದರೆ, ಅಥವಾ ಚಕ್ರದ ಒಳಮೈಯಲ್ಲಿ ಎಣ್ಣೆ ಕಂಡರೆ ಕಾರು ಅಂಗಳದಿಂದ ಹೊರಡಬಾರದು. ಗ್ಯಾರೇಜಿನವರನ್ನೇ ಮನೆಗೆ ಕರೆಸಿ. ನೀವು ಮಾಡಿದ ಪರೀಕ್ಷೆ, ಮೀಟರ್ ತೋರಿಸಿದ ಸಂಖ್ಯೆ ಎಲ್ಲಾ ಒಂದು ಚೀಟಿಯಲ್ಲಿ ಬರೆದು ಕೊಡಿ. "ಸ್ಟಾರ್ಟಿಂಗ್ ಟ್ರಬಲ್" ಅಂತ ಮಾತ್ರ ಹೇಳಿದರೆ ಅವರು ಮೊದಲಿನಿಂದ ಹುಡುಕಬೇಕು, "ಸೆಲ್ಫ್ ಹೊಡೆಯುವಾಗ ಅರ್ಥ್‌ನಲ್ಲಿ 0.8 ವೋಲ್ಟ್ ಬಂತು" ಅಂದರೆ ನೇರ ಆ ವೈರಿಗೇ ಕೈ ಹಾಕುತ್ತಾರೆ. ಬದಲಾಯಿಸಿದ ಹಳೆ ಪಾರ್ಟ್ ಕೇಳಿ ಪಡೆಯಿರಿ. ಸರಿಯಿದ್ದೂ ಬದಲಾದ ಕಾಯಿಲ್, ರೋಟರ್ ಇದ್ದರೆ ಡಿಕ್ಕಿಯಲ್ಲಿರಲಿ, ದಾರಿ ನಡುವೆ ನಿಂತಾಗ ಹಾಕಿ ನೋಡಲು ಆಗುತ್ತದೆ.